ಎಡಗಡೆಯ ಸೊನ್ನೆಗಳು

ಫೆಬ್ರವರಿ 4

ನಿನ್ನ ಮನೆ ಮಾಲೀಕರಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಆಕೆ ಹೇಳುತ್ತೇನೆ ಎಂದು ಇಟ್ಟುಬಿಟ್ಟರು. ಅವರು ಹೇಳಲಿಲ್ಲವೋ, ಹೇಳಿದರೂ ನೀನು ಬೇಕೆಂದೇ ಸುಮ್ಮನಿದ್ದೆಯೋ, ಅದನ್ನು ಕೇಳಲು ಬರೆಯುತ್ತಿಲ್ಲ. ಇದು ಕೆಲಸದ ವಿಷಯ. ದಯವಿಟ್ಟು ಪೂರ್ತಿ ಓದು.

ಅನಿಲ ತುಂಬುವ ಸಿಲಿಂಡರ್ ಸ್ಟೇಷನ್ನಿನವರು ಹೊಸ ಕಂಪ್ಯೂಟರ್ ತಂದರು. ನಾವಿಬ್ಬರೂ ಮಾಡಿಕೊಟ್ಟಿದ್ದ ಪ್ರೋಗ್ರಾಂ ಅದರಲ್ಲಿ ಹಾಕಿಕೊಡಲು ನಿನ್ನೆ ಹೋಗಿದ್ದೆ. ಎಲ್ಲ ಹಾಕಿಯಾದ ಮೇಲೆ ಒಮ್ಮೆ ಪರೀಕ್ಷಿಸೋಣ ಎಂದು ಆಫೀಸಿನ ಬಾಗಿಲ ಪಕ್ಕ ನಿಲ್ಲಿಸಿದ್ದ ಒಂದು ಸಿಲಿಂಡರಿನ ಸಂಖ್ಯೆ ಒತ್ತಿದೆ. 00417. ಪರದೆ ಹಸಿರಾಯಿತು: ನೀರಿನ ಒತ್ತಡದ ಪರೀಕ್ಷೆ ಕಳೆದ ವರ್ಷ ಆಗಿದೆ, ಅನಿಲ ತುಂಬಬಹುದು. ಸರಿ, ಇನ್ನು ಹೊರಡೋಣ ಎಂದು ಚೀಲ ಎತ್ತಿಕೊಂಡೆ. ಅದೇನು ತೋಚಿತೋ, ಬಗ್ಗಿ ಸಿಲಿಂಡರಿನ ಕತ್ತು ನೋಡಿದೆ. ಬಣ್ಣದ ಮೇಲೆ ಬಣ್ಣ ಬಳಿದು ಪರೀಕ್ಷೆಯ ತಾರೀಕಿನ ಮುದ್ರೆಯೇ ಕಾಣುವುದಿಲ್ಲ. ಬೀಗದ ಕೈಯಲ್ಲಿ ಕೆರೆದೆ. ಕೊನೆಯ ಪರೀಕ್ಷೆ ಆಗಿ ಒಂಬತ್ತು ವರ್ಷ. ಐದು ವರ್ಷಕ್ಕೊಮ್ಮೆ ಆಗಬೇಕಾದ್ದು.

ಹಾಗಾದರೆ ಆ ಹಸಿರು ಯಾವುದರದು? ಅಂಗಳದ ಆ ತುದಿಯವರೆಗೆ ಹೋಗಿ ಹುಡುಕಿದೆ. ಬೇರೆ ಕಂಪನಿ ಮಾಡಿದ ಇನ್ನೊಂದು ಸಿಲಿಂಡರ್ ಸಿಕ್ಕಿತು. ಅದರ ಸಂಖ್ಯೆ ಬರೀ 417. ಕಳೆದ ವರ್ಷ ಪರೀಕ್ಷೆ ಆದದ್ದು ಅದಕ್ಕೆ. ನಮ್ಮ ಪ್ರೋಗ್ರಾಮಿಗೆ ಈ ಎರಡೂ ಒಂದೇ. ಪಟ್ಟಿಯಲ್ಲಿ 00417 ಎಂಬುದೇ ಇಲ್ಲ.

ಸಂಖ್ಯೆಯನ್ನು ಅಕ್ಷರದ ಹಾಗೆ ಇಡಬೇಕು, ಎಡಗಡೆಯ ಸೊನ್ನೆ ಬಿಡಬಾರದು ಎಂದು ಮೊದಲ ದಿನವೇ ಇಬ್ಬರೂ ಮಾತಾಡಿಕೊಂಡಿದ್ದೆವಲ್ಲ. ಅದನ್ನು ಯಾರು ಬದಲಿಸಿದ್ದು? ನೀನು ಹೋಗುವ ಮುಂಚೆ ಹುಡುಕುವ ಪರದೆಯನ್ನು ಮುಟ್ಟಿದ್ದೆಯಾ? ಇಂಥವು ಇನ್ನೆಷ್ಟಿವೆಯೋ, ಎಲ್ಲೆಲ್ಲಿಗೆ ತುಂಬಿ ಕಳಿಸಿದ್ದಾರೋ. ಬೇಗ ಬರೆ.

ಅತ್ತೆ ಚೆನ್ನಾಗಿದ್ದಾರೆ. ಮಗ ಬಿಟ್ಟುಹೋದ ಮನೆಯಲ್ಲಿ ಸೊಸೆಯ ಜೊತೆ ಯಾಕಿದ್ದೀರಿ ಎಂದು ಯಾರೋ ಕೇಳಿದರಂತೆ. ಟೀವಿ ಇಲ್ಲಿದೆ, ಅದಕ್ಕೆ ಎಂದರಂತೆ.

ವ್ಯವಹಾರದ ಮಟ್ಟಿಗೆ ನಿನ್ನ ಪಾಲುದಾರಳು


ಫೆಬ್ರವರಿ 9

ಮಾಲೀಕರು ಹೇಳಿದ್ದರು. ತಿರುಗಿ ಫೋನ್ ಮಾಡದೆ ಇದ್ದವನು ನಾನೇ. ಫೋನ್ ಇರುವುದು ಅವರ ಮಲಗುವ ಕೋಣೆಯಲ್ಲಿ. ನಾವು ಮಾತಾಡುವ ರೀತಿಯನ್ನು ಅವರು ಮಂಚದ ಮೇಲೆ ಕೂತು ಕೇಳುವುದು ಬೇಡವೆನಿಸಿತು.

ಹುಡುಕುವ ಪರದೆಯನ್ನು ಮುಟ್ಟಿದ್ದು ನಿಜ. ಗೇಟಿನಲ್ಲಿ ಬರೆದುಕೊಳ್ಳುವವರು ಸೊನ್ನೆ ಬಿಟ್ಟು ಬರೆಯುತ್ತಾರೆ, ಆಮೇಲೆ ‘ಇಲ್ಲ’ ಎಂದು ಬರುತ್ತದೆ, ಲಾರಿ ಕಾಯುತ್ತದೆ ಎಂದು ಅಂಗಳದ ಮೇಸ್ತ್ರಿ ತಲೆ ತಿಂದಿದ್ದರು. ಸೊನ್ನೆ ಇದ್ದರೂ ಇಲ್ಲದಿದ್ದರೂ ಸಿಗುವ ಹಾಗೆ ಮಾಡಿಕೊಟ್ಟೆ. ಒಂದೇ ಥರದ ಎರಡಿದ್ದರೆ ಎರಡನ್ನೂ ತೋರಿಸುತ್ತದೆ, ಆರಿಸಿಕೊಳ್ಳಬೇಕು. ಅಷ್ಟೇ. ಅದರಿಂದ ಯಾವ ದಾಖಲೆಯೂ ಅಳಿಯುವುದಿಲ್ಲ. ನನ್ನ ಹತ್ತಿರ ಇದ್ದ ಹಳೆಯ ಪ್ರತಿಯನ್ನು ಫ್ಲಾಪಿಯಲ್ಲಿ ಹಾಕಿ ಇದರೊಂದಿಗೆ ಕಳಿಸಿದ್ದೇನೆ. ನೋಡಿಕೋ, ಅದರಲ್ಲಿ 00417 ಇದೆ.

ಅಂದಮೇಲೆ ಅಳಿಸಿದ್ದು ಬೇರೆ ಯಾವುದೋ. ನಾನು ಇಲ್ಲಿಗೆ ಬಂದ ಮೇಲೆ ಪ್ರೋಗ್ರಾಮಿನಲ್ಲಿ ನೀನು ಏನಾದರೂ ಬರೆದೆಯಾ? ‘ಶುಚಿ ಮಾಡಿದೆ’ ಎಂದು ನೀನು ಸಂಭ್ರಮದಿಂದ ಹೇಳುವಂಥದ್ದು? ಜಗಳಕ್ಕೆ ಕೇಳುತ್ತಿಲ್ಲ. ಆದರೆ ‘ಯಾರು ಬದಲಿಸಿದ್ದು’ ಎಂದು ಮೊದಲು ಬೆರಳು ತೋರಿಸಿದ್ದು ನೀನು. ಹಾಗಾಗಿ ನಾನೂ ಕೇಳಬಹುದು.

ಇಲ್ಲಿ ಒಂದು ಛಾಪಖಾನೆಗೆ ಕಾಗದದ ದಾಸ್ತಾನಿನ ಪ್ರೋಗ್ರಾಂ ಮಾಡುತ್ತಿದ್ದೇನೆ. ತಪ್ಪಾದರೆ ಕಾಗದ ಹಾಳಾಗುತ್ತದೆ, ಬೇರೇನಿಲ್ಲ. ನಿನ್ನ ಪತ್ರ ಬಂದ ಮೇಲೆ ಅಂಥ ಕೆಲಸ ಎಷ್ಟು ಹಗುರ ಎನ್ನಿಸಿತು.

ಮನೆ ಬಿಟ್ಟವನು


ಫೆಬ್ರವರಿ 13

ಹೌದು, ಬರೆದಿದ್ದೆ.

ನೀನು ಹೋದ ಮೇಲೆ ಹುಡುಕಿದಾಗೆಲ್ಲ ಎರಡೆರಡು ಬರುತ್ತಿವೆ ಎಂದು ಆಫೀಸಿನವರು ಗೊಣಗಿದರು. ಗುಮಾಸ್ತರು ಒಂದನ್ನೇ ಎರಡು ಸಲ ನಮೂದಿಸಿದ್ದಾರೆ ಎಂದುಕೊಂಡೆ. ಜೋಡಿ ದಾಖಲೆಗಳಲ್ಲಿ ಹೊಸ ದಿನಾಂಕದ್ದನ್ನು ಉಳಿಸಿ ಹಳೆಯದನ್ನು ತೆಗೆಯುವ ಒಂದು ತುಣುಕು ಬರೆದೆ. ಜೋಡಿ ಯಾವುದೆಂದು ಕಂಡುಹಿಡಿಯಲು ನಿನ್ನ ಹುಡುಕಾಟವನ್ನೇ ಬಳಸಿದೆ. ಅದು ಸೊನ್ನೆ ಲೆಕ್ಕಿಸುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನೀನು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಆ ದಿನಗಳಲ್ಲಿ ನಾವು ಊಟಕ್ಕೆ ಕರೆಯುವುದಕ್ಕೂ ಅತ್ತೆಯನ್ನು ನಡುವೆ ಇಟ್ಟುಕೊಂಡಿದ್ದೆವು, ನೆನಪಿರಬೇಕು.

ನಿನ್ನದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ನನ್ನದೊಂದೇ ಆಗಿದ್ದರೂ ಆಗುತ್ತಿರಲಿಲ್ಲ. ಎರಡೂ ಸೇರಿ, ಪರೀಕ್ಷೆ ಇಲ್ಲದ ಸಿಲಿಂಡರುಗಳಿಗೆ ಪಕ್ಕದವರ ಹಸಿರು ಬಂದಿದೆ. ನಿನ್ನ ಫ್ಲಾಪಿಯ ಜೊತೆ ಹೋಲಿಸಿ ಪಟ್ಟಿ ತೆಗೆದೆ. ಒಂದು ಪುಟ ತುಂಬಿತು. ಎಲ್ಲ ಹಳೆಯವು, ತುಕ್ಕು ಹಿಡಿಯುವ ವಯಸ್ಸಿನವು.

ಪಟ್ಟಿ ಹಿಡಿದುಕೊಂಡು ಸ್ಟೇಷನ್ನಿನ ಯಜಮಾನರ ಹತ್ತಿರ ಹೋದೆ. ಕೂರಿಸಿ ನೀರು ಕೊಟ್ಟು ಸಮಾಧಾನದಿಂದಲೇ ಕೇಳಿಸಿಕೊಂಡರು. ಇವನ್ನೆಲ್ಲ ವಾಪಸು ತರಿಸಬೇಕು, ತರಿಸುವವರೆಗೆ ತುಂಬುವುದು ನಿಲ್ಲಿಸಬೇಕು ಎಂದೆ. ಕನ್ನಡಕ ತೆಗೆದು ಒರೆಸುತ್ತಾ, “ನೋಡಮ್ಮ, ಸಿಲಿಂಡರ್ ಅಂದ್ರೆ ಕಬ್ಬಿಣ. ನಾನು ಮೂವತ್ತು ವರ್ಷದಿಂದ ನೋಡ್ತಿದೀನಿ. ಕಾಗದದಲ್ಲಿ ತಾರೀಕು ದಾಟಿದ ಮಾತ್ರಕ್ಕೆ ಅದು ಒಡೆಯೋದಿಲ್ಲ. ನೀನು ಕಂಪ್ಯೂಟರ್ ರಿಪೇರಿ ಮಾಡು, ಸ್ಟೇಷನ್ ನಾನು ನೋಡ್ಕೋತೀನಿ” ಎಂದರು. ಮುಂದಿನ ತಿಂಗಳು ಪರವಾನಗಿ ನೋಡಲು ಸರ್ಕಾರದ ಇನ್‌ಸ್ಪೆಕ್ಟರ್ ಬರುವವರಿದ್ದಾರೆ, ಅಲ್ಲಿಯವರೆಗೆ ಸದ್ದು ಬೇಡ ಎಂಬುದು ಅವರ ಲೆಕ್ಕ.

ಗೋಡೆಗೆ ಹೇಳಿದ ಹಾಗಾಯಿತು. ನಾನು ಪ್ರೋಗ್ರಾಮಿಗೆ ಬೀಗ ಹಾಕಬೇಕೆಂದಿದ್ದೇನೆ. ತೆರೆಯದಿದ್ದರೆ ತುಂಬುವುದು ತಾನಾಗಿ ನಿಲ್ಲುತ್ತದೆ. ಆಮೇಲೆ ಅವರೇ ನನ್ನ ಬಾಗಿಲಿಗೆ ಬರಬೇಕು.

ನಾನೇ


ಫೆಬ್ರವರಿ 16

ಬೀಗ ಹಾಕಬೇಡ. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನಿನಗೆ ಸಮಯಕ್ಕೆ ಸಿಕ್ಕರೆ ಸಾಕು.

ಆ ಜನರನ್ನು ನೀನು ಆಫೀಸಿನಿಂದ ನೋಡಿದ್ದೀಯ, ನಾನು ಅಂಗಳದಿಂದ ನೋಡಿದ್ದೇನೆ. ಕಂಪ್ಯೂಟರ್ ಕೆಟ್ಟರೆ ಅವರು ನಿಲ್ಲಿಸುವುದಿಲ್ಲ. ಹಳೆಯ ಚೀಟಿ ನೋಡಿ, ಇಲ್ಲವೇ ಬರೀ ಅಂದಾಜಿನ ಮೇಲೆ ತುಂಬುತ್ತಾರೆ. ಲಾರಿ ಬಂದು ನಿಂತರೆ ಮೇಸ್ತ್ರಿಗೆ ಬೇರೇನೂ ಕಾಣುವುದಿಲ್ಲ. ನಮ್ಮ ಪ್ರೋಗ್ರಾಂ ಅರ್ಧ ತಪ್ಪು ಹೇಳಿದರೂ ಉಳಿದವುಗಳಿಗೆ ತಡೆ ಹಾಕುತ್ತದೆ. ಅದೂ ಇಲ್ಲದಿದ್ದರೆ ಪೂರಾ ಕುರುಡು.

ಬದಲಿಗೆ ಹೀಗೆ ಮಾಡು. ನಿನ್ನ ಪಟ್ಟಿಯಲ್ಲಿರುವ ಯಾವ ಸಂಖ್ಯೆ ಒತ್ತಿದರೂ, ಸೊನ್ನೆ ಇರಲಿ ಬಿಡಲಿ, ಪರದೆ ಕೆಂಪಾಗಲಿ. ‘ಕತ್ತಿನ ಮುದ್ರೆ ಕೆರೆದು ನೋಡಿ’ ಎಂದು ದೊಡ್ಡದಾಗಿ ಬರಲಿ. ಯಜಮಾನರಿಗೆ ಲಿಖಿತವಾಗಿ ಕೊಟ್ಟು ಸಹಿ ತೆಗೆದುಕೋ. ಅಂಗಳದಲ್ಲಿ ಅನಿಲ ತುಂಬುವವನಿಗೆ, ಎಲ್ಲರೂ ಪೀಪಿ ಎನ್ನುತ್ತಾರಲ್ಲ ಅವನಿಗೆ, ಆ ಪಟ್ಟಿಯ ಒಂದು ಪ್ರತಿ ಕೊಡು. ಎರಡೆರಡು ಸಿಲಿಂಡರ್ ಉರುಳಿಸುತ್ತಾ ಶಿಳ್ಳೆ ಹಾಕಿಕೊಂಡು ತಿರುಗುತ್ತಾನಲ್ಲ, ಅವನೇ. ಅವನು ಹೇಳಿದರೆ ಮಿಕ್ಕವರು ಕೇಳುತ್ತಾರೆ.

ನಿನ್ನ ಕೋಪ ನನಗೆ ಗೊತ್ತು. ಈ ಸಲ ಒಂದು ದಿನ ತಡೆದುಕೋ.

ಮನೆ ಬಿಟ್ಟವನು


ಮಾರ್ಚ್ 2

ನಿನ್ನ ಪತ್ರ ಬರುವ ಹಿಂದಿನ ದಿನವೇ ಬೀಗ ಹಾಕಿದ್ದೆ.

ಓದಿದ ತಕ್ಷಣ ಆಟೊ ಹಿಡಿದು ಹೋದೆ. ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ, ಯಜಮಾನರು ಹೇಳಿದ್ದರಂತೆ. ನೀನು ಹೇಳಿದಂತೆಯೇ ಆಗಿತ್ತು. ತಗಡಿನ ಬೇಲಿಯ ಸಂದಿನಿಂದ ಕಾಣಿಸುತ್ತಿತ್ತು, ಲಾರಿಯ ಮೇಲೆ ತುಂಬಿದ ಸಿಲಿಂಡರುಗಳು ಏರುತ್ತಿದ್ದವು. ಬೀಗ ತೆಗೆದುಕೊಡುತ್ತೇನೆ, ಕಂಪ್ಯೂಟರಿನ ಹತ್ತಿರ ಬಿಡಿ ಎಂದು ಗೇಟಿನವನ ಕೈಯಲ್ಲಿ ಹೇಳಿ ಕಳಿಸಿದೆ. ಬೇರೆಯವರಿಂದ ಮಾಡಿಸುತ್ತೇವೆ ಎಂಬ ಉತ್ತರ ಬಂತು. ಮನೆಗೆ ಬಂದು ನೋಟೀಸು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಪೀಪಿಯ ಮನೆ ಎಲ್ಲಿ ಎಂದು ವಿಚಾರಿಸಿಕೊಂಡು ಹೋದೆ, ಅವನು ಕೆಲಸಕ್ಕೆ ಹೋಗಿದ್ದ. ಪಟ್ಟಿಯನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ. ಅಪಘಾತ ಆದದ್ದು ಅದೇ ದಿನ ಮಧ್ಯಾಹ್ನ.

ಪೀಪಿ ಸಾರಜನಕ ತುಂಬುತ್ತಿದ್ದನಂತೆ. ಒಂದು ಸಿಲಿಂಡರಿನ ಕತ್ತಿನಲ್ಲಿ ಕವಾಟ ಹಿಡಿದಿಡುವ ತಿರುಪಿನ ಎಳೆ ತುಕ್ಕಿನಲ್ಲಿ ಕರಗಿಹೋಗಿತ್ತು. ಒತ್ತಡ ಏರುತ್ತಿದ್ದಂತೆ ಕವಾಟ ಕಿತ್ತು ಛಾವಣಿಯ ತಗಡು ಹರಿದುಕೊಂಡು ಹೋಯಿತು. ಸಿಲಿಂಡರ್ ಹಿಮ್ಮುಖವಾಗಿ ನುಗ್ಗಿ ಇಟ್ಟಿಗೆ ಗೋಡೆ ಉರುಳಿಸಿತು. ಪೀಪಿ ನಡುವೆ ಇರಲಿಲ್ಲ, ಪಕ್ಕದಲ್ಲಿದ್ದ. ಅದೇ ಪುಣ್ಯ. ಎರಡು ಪಕ್ಕೆಲುಬು ಮುರಿದಿವೆ. ಬಲಗಿವಿಯ ಪರದೆ ಹರಿದಿದೆ, ಒಳಗೂ ಪೆಟ್ಟಾಗಿದೆ, ಆ ಕಿವಿ ಮತ್ತೆ ಕೇಳಿಸುವುದು ಅನುಮಾನವಂತೆ.

ಆ ಸಿಲಿಂಡರ್ ನನ್ನ ಪಟ್ಟಿಯಲ್ಲಿತ್ತು.

ನಿನ್ನ ಕೆಂಪು ಪರದೆ ಹಾಕಿದ್ದರೆ ಅದು ಅಂದು ತುಂಬದೆ ಅಂಗಳದಲ್ಲೇ ನಿಲ್ಲುತ್ತಿತ್ತು. ಇದನ್ನು ಹೇಗೆ ತಿರುಗಿಸಿ ನೋಡಿದರೂ ಬೇರೆ ಅರ್ಥ ಬರುವುದಿಲ್ಲ.

ಇನ್ನೂ ಇದೆ. ಯಜಮಾನರು ನಿನ್ನೆ ಮನೆಗೇ ಬಂದಿದ್ದರು. ಹಜಾರದಲ್ಲಿ ಅತ್ತೆಯ ಎದುರೇ ಕೂತು ಹೇಳಿದರು. ಪೀಪಿ ಅಳತೆ ನೋಡದೆ ಹೆಚ್ಚು ತುಂಬಿಸಿದ, ಅವನ ಅಜಾಗರೂಕತೆ ಎಂದು ವರದಿ ಆಗುತ್ತದಂತೆ. “ನೀವು ಸುಮ್ನಿದ್ರೆ ನಿಮ್ಮ ಪ್ರೋಗ್ರಾಂ ವಿಷಯವೂ ಬರಲ್ಲ, ನಿಮ್ಮಿಬ್ಬರ ಹೆಸರೂ ಬರಲ್ಲ. ಈ ಊರಲ್ಲಿ ಇನ್ನೂ ಕೆಲಸ ಮಾಡ್ಬೇಕಲ್ಲ?” ಎಂದರು. ನಾನು ಬಾಯಿ ತೆರೆಯಲಿಲ್ಲ. ಧೈರ್ಯದಿಂದ ಸುಮ್ಮನಿದ್ದೆ ಎಂದುಕೊಳ್ಳಬೇಡ. ಒಂದು ಗಳಿಗೆ, ಹಾಗೇ ಆಗಿಬಿಡಲಿ ಅನ್ನಿಸಿತು.

ಅವರು ಹೋದ ಮೇಲೆ ಅತ್ತೆ ಟೀವಿ ಆರಿಸಿ, “ಅವನಿಗೆ ಬರೀತೀಯೋ, ನಾನೇ ಬರೀಲೋ?” ಎಂದರು.

ನಾನು


ಮಾರ್ಚ್ 5

ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಛಾಪಖಾನೆಯವರಿಗೆ ಹೇಳಿದ್ದೇನೆ. ಇನ್‌ಸ್ಪೆಕ್ಟರ್ ಆಫೀಸಿಗೆ ನೇರವಾಗಿ ಇಬ್ಬರೂ ಹೋಗೋಣ. ಫ್ಲಾಪಿ, ಪಟ್ಟಿ, ನೋಟೀಸಿನ ಅಂಚೆ ರಸೀದಿ ತೆಗೆದಿಡು. ಹೇಳಿಕೆಯನ್ನು ನೀನು ಬರೆ, ನಿನ್ನ ಕನ್ನಡ ಚೆನ್ನಾಗಿದೆ. ಹುಡುಕಾಟದಲ್ಲಿ ಸೊನ್ನೆ ಬಿಟ್ಟವನು ನಾನು, ಅದು ಮೊದಲು ಬರಲಿ. ಆದದ್ದೂ ಅದೇ ಮೊದಲು.

ಬೀಗದ ವಿಷಯ. ನಾನು ಅಂದು ತಿರುಗಿ ಫೋನ್ ಮಾಡಿದ್ದರೆ ಈ ಮಾತು ಆ ದಿನವೇ ನಡೆಯುತ್ತಿತ್ತು. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಯಾರ ಪಾಲು ಎಷ್ಟು ಎಂದು ತೂಗುತ್ತಾ ಕೂರುವುದಕ್ಕೆ ಈಗ ಹೊತ್ತಿಲ್ಲ, ಮಿಕ್ಕ ಸಿಲಿಂಡರುಗಳು ಇನ್ನೂ ಹೊರಗಿವೆ.

ನಾನು ಛಾಪಖಾನೆಯ ಗೆಳೆಯನ ಅಣ್ಣನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ. ಅಮ್ಮನಿಗೆ ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳು.

ಬರುತ್ತಿರುವವನು


ಮಾರ್ಚ್ 24

ಕ್ಷೇಮವಾಗಿ ತಲುಪಿದೆ. ಬೆರಳುಗಳಿಂದ ಬಣ್ಣದ ಪುಡಿ ಇನ್ನೂ ಹೋಗಿಲ್ಲ.

ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಎರಡು ಸಲ ಓದಿ, ತಲೆ ಎತ್ತದೆ, ಇದನ್ನು ಕೊಟ್ಟರೆ ನಿಮ್ಮ ಮೇಲೂ ಕ್ರಮ ಆಗಬಹುದು ಗೊತ್ತಾ ಎಂದು ಕೇಳಿದಾಗ, ನೀನು ಗೊತ್ತು ಎಂದೆಯಲ್ಲ. ನಿನ್ನ ಸಹಿಯ ಕೆಳಗೇ ನಾನೂ ಸಹಿ ಹಾಕಿದೆ. ಸ್ಟೇಷನ್ನಿನ ಬಾಗಿಲಿಗೆ ಸರ್ಕಾರದ ಮುದ್ರೆ ಬಿದ್ದು, ಇನ್‌ಸ್ಪೆಕ್ಟರ್ ಹೇಳಿದಂತೆ ಎಲ್ಲ ಸಿಲಿಂಡರುಗಳನ್ನು ಮತ್ತೆ ಪಟ್ಟಿ ಮಾಡಲು ಅದೇ ಯಜಮಾನರು ನಮಗೇ ಅಂಗಳದ ಗೇಟು ತೆಗೆಸಿದಾಗ ಅವರ ಮುಖ ನೋಡಲು ನನಗಾಗಲಿಲ್ಲ. ಆಮೇಲಿನ ದಿನಗಳು ಚೆನ್ನಾಗಿದ್ದವು ಎಂದರೆ ತಪ್ಪಾದೀತು, ಆದರೆ ನನಗೆ ಹಾಗನ್ನಿಸಿತು. ನಾನು ತಂತಿಯ ಬ್ರಷ್ಷಿನಲ್ಲಿ ಕತ್ತು ಉಜ್ಜಿ ಒಂದೊಂದೇ ಅಂಕಿ ಓದುವುದು, ನೀನು ತಿರುಗಿ ಹೇಳಿ ಒತ್ತುವುದು. ‘ಸೊನ್ನೆ ಸೊನ್ನೆ’ ಎಂದು ನೀನು ಅಷ್ಟು ಜೋರಾಗಿ ಹೇಳುವುದನ್ನು ಕೇಳಿ ಮೇಸ್ತ್ರಿ ಕೂಡ ಕೊನೆಗೆ ನಕ್ಕರು.

ನಮ್ಮ ಪಟ್ಟಿಯವುಗಳಲ್ಲಿ ಹೊರಗೆ ಉಳಿದಿದ್ದ ಕೊನೆಯ ಸಿಲಿಂಡರಿನ ವಿಷಯ ಹೇಳಲು ಬರೆಯುತ್ತಿದ್ದೇನೆ. ಅದನ್ನು ಕೊಂಡ ಬೆಸುಗೆಯವನು ಅಂಗಡಿಯನ್ನು ಈ ಊರಿಗೆ ಬದಲಾಯಿಸಿದ್ದಾನೆ ಎಂದು ತಿಳಿದು ನಿನ್ನೆ ಹುಡುಕಿಕೊಂಡು ಹೋದೆ. ಬಸ್ ಡಿಪೋದ ಹಿಂದೆ ಸಣ್ಣ ಶೆಡ್ಡು. ಸಿಲಿಂಡರನ್ನು ಗೋಡೆಗೆ ಸರಪಣಿಯಿಂದ ಕಟ್ಟಿ, ಅದರ ಮೇಲೆ ತನ್ನ ಅಂಗಿ ಒಣಹಾಕಿದ್ದ. ವಿಷಯ ಹೇಳಿದೆ. ನಂಬಲಿಲ್ಲ. ತನ್ನಿಂದ ಸಿಲಿಂಡರ್ ಕಿತ್ತುಕೊಂಡು ಹೋಗಲು ಯಾರೋ ನನ್ನನ್ನು ಕಳಿಸಿದ್ದಾರೆ ಎಂದುಕೊಂಡ. ಆಗ ಬೇರೆ ದಾರಿ ಕಾಣದೆ ಪೀಪಿಯ ಕಥೆ ಹೇಳಿದೆ, ಗೋಡೆ, ಛಾವಣಿ, ಕಿವಿ, ಎಲ್ಲ. ಕೇಳುತ್ತಾ ಕೇಳುತ್ತಾ ಅವನು ಸಿಲಿಂಡರಿನಿಂದ ಎರಡು ಹೆಜ್ಜೆ ದೂರ ಸರಿದ. ಇಬ್ಬರೂ ತಳ್ಳುಗಾಡಿಯಲ್ಲಿ ಮೆಲ್ಲಗೆ, ಮಲಗಿದ ಮಗುವನ್ನು ಸಾಗಿಸುವ ಹಾಗೆ, ಡಿಪೋದ ಬಯಲಿಗೆ ತಂದೆವು. ಸುತ್ತ ಯಾರೂ ಬೀಡಿ ಹಚ್ಚದಂತೆ ನೋಡಿಕೊಂಡು ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿದೆವು. ಬರಿದಾಗಲು ಬಹಳ ಹೊತ್ತು ಹಿಡಿಯಿತು. ಸದ್ದು ನಿಂತ ಮೇಲೂ ನಾನು ಅಲ್ಲೇ ಕೂತಿದ್ದೆ. ಅದೀಗ ಖಾಲಿ ಕಬ್ಬಿಣ. ನಾಳೆ ಲಾರಿಯಲ್ಲಿ ವಾಪಸು ಬರುತ್ತದೆ, ಪಟ್ಟಿಯಲ್ಲಿ ಗುರುತು ಹಾಕಿಕೋ.

ಪೀಪಿ ಆಸ್ಪತ್ರೆಯಿಂದ ಮನೆಗೆ ಬಂದನಂತೆ, ಅಮ್ಮ ಬರೆದಿದ್ದಾಳೆ. ಅವನ ಮೇಲಿನ ಆರೋಪ ಬಿದ್ದುಹೋದದ್ದು ಅವನಿಗೆ ತಿಳಿದಿದೆ. ಆದರೆ ತಪ್ಪು ಎಲ್ಲಿ ಆಯಿತು ಎಂದು ನಮ್ಮ ಬಾಯಿಂದ ಅವನು ಕೇಳಿಲ್ಲ. ನಾನು ಮುಂದಿನ ವಾರ ಬರುತ್ತೇನೆ, ಇಬ್ಬರೂ ಹೋಗೋಣವೇ?

ನಿನ್ನವನು ಎಂದು ಬರೆದು ಹೊಡೆದುಹಾಕಿದೆ, ಕಾಣಿಸಿದರೆ ಕಾಣಿಸಲಿ


ಮಾರ್ಚ್ 29

ನಿನಗಾಗಿ ಕಾಯಲಿಲ್ಲ. ಮುಂದಿನ ವಾರ ಎಂದರೆ ನನಗೆ ಮುಂದಿನ ತಿಂಗಳಾಗಿಬಿಡುತ್ತಿತ್ತು. ಇವತ್ತು ಬೆಳಿಗ್ಗೆ ಒಬ್ಬಳೇ ಹೋಗಿಬಂದೆ. ನೀನು ಬಂದಾಗ ನಿನ್ನ ಪಾಲಿನದನ್ನು ನೀನು ಹೇಳು, ಅದನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಪೀಪಿ ಮನೆಯ ಮುಂದಿನ ಕಟ್ಟೆಯ ಮೇಲೆ ಎದೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ರಸ್ತೆಯ ಕಡೆ ನೋಡುತ್ತಿದ್ದ. ನಾನು ಬಂದದ್ದು ನೋಡಿ ತಲೆ ಆಡಿಸಿದ. ಪಕ್ಕದಲ್ಲಿ ಕೂತೆ. ಅವನ ಮುಖ ನೋಡಿಕೊಂಡು ಹೇಳುವ ಶಕ್ತಿ ಇರಲಿಲ್ಲ, ನಾನೂ ರಸ್ತೆಯನ್ನೇ ನೋಡುತ್ತಾ ಶುರು ಮಾಡಿದೆ. ಎಲ್ಲ ಹೇಳಿದೆ. ಸೊನ್ನೆ, ಜೋಡಿ ದಾಖಲೆ, ನನಗೆ ಗೊತ್ತಿರಲಿಲ್ಲ ಎಂಬುದು, ನೀನು ಬೀಗ ಬೇಡವೆಂದು ಬರೆದದ್ದು, ಅದು ತಡವಾಗಿ ಬಂದದ್ದು, ಗೇಟಿನಲ್ಲಿ ಬಿಡದೆ ಇದ್ದದ್ದು. ಹೇಳುತ್ತಾ ಹೋದಂತೆ ನಡುನಡುವೆ ಎಷ್ಟೊಂದು ‘ಆದರೆ’ಗಳು ಬಂದವು ಎಂದರೆ, ಕೊನೆಗೆ ಯಾರದೂ ತಪ್ಪಿಲ್ಲದ ಹಾಗೆ ಕೇಳಿಸುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸಿಟ್ಟು ಬಂದಿದೆ ಎಂದುಕೊಂಡೆ.

ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದಳು. ನನ್ನ ಕಣ್ಣು ನೋಡಿ, ನಾನು ಕೂತ ಕಡೆ ನೋಡಿ ಅವಳಿಗೆ ತಿಳಿಯಿತು. ಗಂಡನ ಭುಜ ಮುಟ್ಟಿ ಅವನನ್ನು ಈ ಕಡೆ ತಿರುಗಿಸಿದಳು. ಅವನು ನನ್ನನ್ನು ನೋಡಿ ಗಾಬರಿಯಾದ.

“ಅಕ್ಕ, ಏನಾದ್ರೂ ಹೇಳ್ತಿದ್ರಾ? ಆ ಕಡೆ ಕೂತ್ರೆ ನಂಗೇನೂ ಕೇಳ್ಸಲ್ಲ. ಈ ಕಡೆ ಬನ್ನಿ.”

ಎದ್ದೆ. ಅವನ ಎಡಗಡೆಗೆ ಹೋಗಿ ಕೂತೆ. ಅವನ ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ಈ ಸಲ ಅವನ ಮುಖ ನೋಡಲೇಬೇಕಾಯಿತು, ನನ್ನ ತುಟಿಯನ್ನೇ ನೋಡುತ್ತಿದ್ದನಲ್ಲ. ಎರಡನೆಯ ಸಲ ಹೇಳುವಾಗ ಆ ‘ಆದರೆ’ಗಳು ಒಂದೂ ಬರಲಿಲ್ಲ.

“ಆ ಸಿಲಿಂಡರಿಗೆ ಪರೀಕ್ಷೆ ಆಗಿರ್ಲಿಲ್ಲ. ಅದನ್ನ ಪಟ್ಟಿಯಿಂದ ಅಳಿಸಿದ್ದು ನಾನು. ತುಂಬಬೇಡಿ ಅಂತ ಹೇಳ್ಬೇಕಾದ ಕಂಪ್ಯೂಟರಿಗೆ ಬೀಗ ಹಾಕಿದ್ದೂ ನಾನು” ಎಂದೆ.

ಈಗ ಅವನಿಗೆ ಕೇಳಿಸಿತು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ, ಕಿವಿ ಕೇಳದವರು ಮಾತಾಡುವ ಹಾಗೆ ಬೇಕಾದ್ದಕ್ಕಿಂತ ಜೋರಾಗಿ, “ತಪ್ಪು ನಂದಲ್ಲ ಅಂತ ನಿಂಗೆ ಹೇಳಿದ್ನಲ್ಲ?” ಎಂದ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ನಾನು